ಸಂಧಿಯೂ ಸಮಾಧಾನವೂ

ಒಡಂಬಡಿಕೆ ಎಂಬ ಪದವು ನಮ್ಮ ಶಾಲೆಯಲ್ಲಿ ಓದಿದವರೆಲ್ಲರಿಗೂ ಬಾಲ್ಯದಿಂದಲೇ ಪರಿಚಿತವಾದುದು. ಯಾಕೋಬನೂ ಅವನ ಮಾವನಾದ ಲಾಬಾನನೂ ಮನಸ್ತಾಪದಿಂದ ಅಗಲಿ, ಗಿಲ್ಯಾದಿನ ಬೆಟ್ಟದ ಸೀಮೆಯಲ್ಲಿ ಎದುರೆದುರಾಗಿ ನಿಂತಾಗ, ಕಲ್ಲುಗಳನ್ನು ಕುಪ್ಪೆಯಾಗಿ ಕೂಡಿಸಿ, ಕೇಡು ಮಾಡುವ ಉದ್ದೇಶದಿಂದ ಇಬ್ಬರಲ್ಲಿ ಯಾರೂ ಆ ಕುಪ್ಪೆಯನ್ನು ದಾಟಕೂಡದೆಂದು ಪ್ರಮಾಣಮಾಡಿ, ಅಲ್ಲಿಯೇ ಜೊತೆಯಲ್ಲಿ ಕುಳಿತು ಊಟಮಾಡಿದ ವೃತ್ತಾಂತವು ಆದಿಕಾಂಡದಲ್ಲಿ ಬಂದಿದೆ. ಗಡಿಯನ್ನು ಗುರುತಿಸುವುದು, ಅದಕ್ಕೆ ಸಾಕ್ಷಿಯನ್ನಿಡುವುದು, ಬಳಿಕ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಈ ಮೂರು ಕಾರ್ಯಗಳೂ ದೊಡ್ಡ ರಾಜ್ಯಗಳ ನಡುವಣ ಸಂಧಿಗಳಲ್ಲಿ ಬೇರೆ ಬೇರೆ ರೂಪಗಳಿಂದ ಇಂದಿಗೂ ಕಾಣಬರುತ್ತವೆ.

ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳ ವರ್ಣನೆಗೆ ದೊರೆಯುವಷ್ಟು ಸ್ಥಳವು ಸಂಧಾನಗಳಿಗೆ ದೊರೆಯುವುದಿಲ್ಲ. ಕದನಗಳ ಇಸವಿಗಳನ್ನು ನಾವು ಬಾಯಿಪಾಠಮಾಡಿರುವೆವು. ಆದರೆ ಆ ಕದನಗಳು ನಿಂತುದು ಹೇಗೆ, ನಿಂತವುಗಳು ಮರಳಿ ಹೊತ್ತಿಕೊಂಡುದು ಏತಕ್ಕೆ ಎಂದು ವಿಚಾರಿಸಿದವರು ವಿರಳ. ಆದುದರಿಂದ ನಮ್ಮ ಕನ್ನಡನಾಡಿನಲ್ಲಿಯೇ ನಡೆದ ಒಂದು ಸಂಧಿಯನ್ನೂ, ಅರಬ್ಬೀ ದೇಶದ ಎರಡು ನೆರೆರಾಜ್ಯಗಳ ಸಂಧಿಯನ್ನೂ ಪಕ್ಕಪಕ್ಕದಲ್ಲಿಟ್ಟು ಈ ವಿಷಯವನ್ನು ಪರಾಮರ್ಶಿಸುವುದು ಉಪಯುಕ್ತವೆಂದು ತೋರುತ್ತದೆ.

ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯು ಹದಿನೆಂಟನೆಯ ಶತಮಾನದಲ್ಲಿ ಮೈಸೂರಿಗೂ ಪುಣೆಯ ಪೇಶ್ವೆಯ ಸರಕಾರಕ್ಕೂ ತೀರದ ವ್ಯಾಜ್ಯದ ನೆಲವಾಗಿದ್ದಿತು. ಹೈದರಲಿಯು ತನ್ನ ಅಧಿಕಾರವನ್ನು ಕೃಷ್ಣೆಯವರೆಗೂ ವಿಸ್ತರಿಸಿದ್ದನು. ಅವನು ೧೭೮೨ನೆಯ ಇಸವಿಯಲ್ಲಿ ಕಾಲವಾದ ತರುವಾಯ ಆಳಿಕೆಗೆ ಬಂದ ಟೀಪೂ ಸುಲ್ತಾನನು ನರಗುಂದದ ದೇಸಾಯಿಯಾಗಿದ್ದ ವೆಂಕಟರಾವ್ ಭಾವೆಯಿಂದ ಹೆಚ್ಚಿನ ಪೊಗದಿಯನ್ನು ಕೇಳಲು, ದೇಸಾಯಿಯು ಪುಣೆಯ ಮೊರೆಹೊಕ್ಕನು. ೧೭೮೫ರಲ್ಲಿ ಮೈಸೂರಿನ ಸೇನೆಯು ನರಗುಂದವನ್ನೂ ಕಿತ್ತೂರನ್ನೂ ಹಿಡಿದು ದೇಸಾಯಿಯನ್ನು ಸೆರೆಯಲ್ಲಿಟ್ಟಿತು. ಮರುವರ್ಷ ಪೇಶ್ವೆಯ ಮಂತ್ರಿಯಾದ ನಾನಾ ಫಡ್ನವೀಸನು ಹೈದರಾಬಾದಿನ ನಿಜಾಮನೊಡನೆ ಕೂಡಿ ದಂಡೆತ್ತಲು ಬಾದಾಮಿಯು ಅವರ ವಶವಾಯಿತು. ಟೀಪುವು ನಿಜಾಮನ ಆದವಾನಿಯ ಕೋಟೆಯನ್ನು ಹಿಡಿದು, ಮಳೆಗಾಲದಲ್ಲಿ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ದಾಟಿ, ಸವಣೂರಿನವರೆಗೂ ನುಗ್ಗಿದನು. ಧ್ವಜಗಳು ಬೇರೆ ಬೇರೆಯಾಗಿದ್ದರೂ ಆ ದಂಡುಗಳು ತುಳಿದ ಹೊಲಗಳೆಲ್ಲವೂ ಕನ್ನಡದ ಒಕ್ಕಲುಮಕ್ಕಳವೇ ಆಗಿದ್ದವು.

ಯುದ್ಧರಂಗದಲ್ಲಿ ಟೀಪುವಿನ ಕೈ ಮೇಲಾಗಿದ್ದರೂ ಅವನೇ ಮೊದಲು ಸಂಧಾನದ ಮಾತನ್ನು ಎತ್ತಿದನೆಂಬುದು ಗಮನಿಸತಕ್ಕ ವಿಷಯ. ೧೭೮೬ರ ಸೆಪ್ಟೆಂಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಗವರ್ನರ್ ಜನರಲ್ಲನಾಗಿ ಕಲ್ಕತ್ತೆಗೆ ಬಂದಿದ್ದನು. ಇಂಗ್ಲಿಷರು ಪುಣೆಯಲ್ಲಿ ತಮ್ಮ ರೆಸಿಡೆಂಟನನ್ನು ನಿಲ್ಲಿಸಿದ್ದರು. ನೆರೆಯವರೊಡನೆ ಕಾದುತ್ತಿರುವಾಗ ಮೂರನೆಯವನು ಹಿಂದಿನಿಂದ ಬಂದಾನೆಂಬ ಭೀತಿಯು ಸುಲ್ತಾನನಿಗೆ ಉಂಟಾಯಿತು. ಅವನು ಮರಾಠರ ಪಾಳೆಯದಲ್ಲಿದ್ದ ತುಕೋಜಿ ಹೋಳ್ಕರನ ಮೂಲಕ ಮಾತುಕತೆಯನ್ನು ಆರಂಭಿಸಿದನು. ಆ ಕಾಲದಲ್ಲಿ ರಾಯಭಾರಿಗಳಿಗೆ ವಕೀಲರೆಂದು ಹೆಸರು. ವಕೀಲರು ಪಾಳೆಯದಿಂದ ಪಾಳೆಯಕ್ಕೆ ಓಡಾಡಿದ ಮೇಲೆ, ೧೭೮೭ರ ವಸಂತಕಾಲದಲ್ಲಿ ಗಜೇಂದ್ರಗಡದ ಸಂಧಿಯು ಏರ್ಪಟ್ಟಿತು. ಆ ದುರ್ಗವು ಈಗಿನ ಗದಗ ಜಿಲ್ಲೆಯಲ್ಲಿದೆ.

ಈ ಸಂಧಿಯ ಮೇರೆಗೆ ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರ ಕಡೆಗೂ, ಆದವಾನಿಯು ನಿಜಾಮನಿಗೂ ಸಂದವು. ಬಾಕಿಯಾಗಿದ್ದ ಪೊಗದಿಯ ಲೆಕ್ಕದಲ್ಲಿ ನಾಲ್ವತ್ತು ಲಕ್ಷಕ್ಕೂ ಮಿಗಿಲಾದ ರೂಪಾಯಿಗಳನ್ನು ಕೊಡಲು ಟೀಪುವು ಒಪ್ಪಿದನು. ಬಹುಪಾಲು ಕೂಡಲೇ ಸಲ್ಲತಕ್ಕದ್ದು, ಉಳಿದುದು ವಾಯಿದೆಯ ಮೇಲೆ. ಇದಕ್ಕೆ ಪ್ರತಿಯಾಗಿ ಮರಾಠರು ತಾವು ಹಿಡಿದಿದ್ದ ಇತರ ಸ್ಥಳಗಳನ್ನು ಹಿಂದಿರುಗಿಸಿದರು. ಅದಲ್ಲದೆ ಪುಣೆಯ ಕಾಗದಪತ್ರಗಳಲ್ಲಿ ಇನ್ನು ಮುಂದೆ ಅವನನ್ನು ಬರಿಯ ಹೆಸರಿನಿಂದ ಕರೆಯದೆ, ನವಾಬ್ ಟೀಪೂ ಸುಲ್ತಾನ್ ಫತೇ ಅಲಿ ಖಾನ್ ಎಂದು ಸಂಬೋಧಿಸತಕ್ಕದ್ದೆಂದೂ ನಿರ್ಣಯವಾಯಿತು. ಒಂದು ಬಿರುದಿಗಾಗಿ ಇಷ್ಟು ಚರ್ಚೆಯೇ ಎಂದು ಕೆಲವರು ನಗಬಹುದು. ಆದರೆ ಹಣವನ್ನೂ ಊರನ್ನೂ ಬಿಟ್ಟುಕೊಟ್ಟವನಿಗೆ ಮಾನವನ್ನಾದರೂ ಉಳಿಸಿಕೊಡುವುದು ಸಂಧಾನಶಾಸ್ತ್ರದ ಮೊದಲನೆಯ ಪಾಠ.

ಹೀಗಿದ್ದರೂ ಈ ಸಂಧಿಯು ಮೂರು ವರ್ಷಗಳನ್ನು ದಾಟಿ ಬಾಳಲಿಲ್ಲ. ಮುಂದೆ ತಂಟೆ ಬಂದರೆ ಯಾರ ಮುಂದೆ ಹೇಳಿಕೊಳ್ಳಬೇಕು, ಯಾರ ತೀರ್ಮಾನಕ್ಕೆ ತಲೆಬಾಗಬೇಕು ಎಂಬ ಏರ್ಪಾಡು ಅದರ ಪ್ರಸಿದ್ಧ ಷರತ್ತುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕಳೆದ ಜಗಳದ ಲೆಕ್ಕವು ತೀರಿತೇ ಹೊರತು ಬರುವ ಜಗಳಕ್ಕೆ ದಾರಿ ಹೇಳಿರಲಿಲ್ಲ. ೧೭೮೯ರ ಕೊನೆಯಲ್ಲಿ ಟೀಪುವು ತಿರುವಾಂಕೂರಿನ ಮೇಲೆ ನಡೆದನು. ೧೭೯೦ರಲ್ಲಿ ಮರಾಠರೂ ನಿಜಾಮನೂ ಇಂಗ್ಲಿಷರೊಡನೆ ಕೈಗೂಡಿಸಿದರು. ೧೭೯೧ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಕೋಟೆಯು ಕಾರ್ನ್‌ವಾಲಿಸನ ವಶವಾಯಿತು. ಮರುವರ್ಷದ ಶ್ರೀರಂಗಪಟ್ಟಣದ ಸಂಧಿಯಿಂದ ಸುಲ್ತಾನನು ರಾಜ್ಯದ ಅರ್ಧವನ್ನು ಕಳೆದುಕೊಂಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳಿಗೆ ಹೊಣೆಯಾಗಿ, ತನ್ನ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಾಗಿ ಕೊಡಬೇಕಾಯಿತು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಆ ಬಾಲಕರು ತಾಯ್ತಂದೆಗಳ ಬಳಿಗೆ ಮರಳಿದುದು ೧೭೯೪ರಲ್ಲಿ. ದೊಡ್ಡವರು ಕಾಪಾಡದ ಮಾತಿಗೆ ಮಕ್ಕಳು ತೆತ್ತ ಬೆಲೆಯಿದು. ಮಕ್ಕಳನ್ನು ಹೆತ್ತವರು ಈ ಪುಟವನ್ನು ಓದುವಾಗ ಕ್ಷಣಕಾಲ ನಿಲ್ಲದೆ ಇರಲಾರರು.

ಮುಂದಿನ ಕಥೆಯು ಎಲ್ಲರಿಗೂ ತಿಳಿದುದೇ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ೧೮೧೮ರಲ್ಲಿ ಪೇಶ್ವೆಯ ಅಧಿಕಾರವೂ ಕೊನೆಗಂಡಿತು. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ದಂಡು ೧೮೦೯ರಲ್ಲಿ ಹಲಸೂರಿನ ಬಯಲಿಗೆ ಬಂದುದರಿಂದಲೇ ನಮ್ಮ ದಂಡುಪ್ರದೇಶವು ಹುಟ್ಟಿತು. ನಾವು ನಿತ್ಯವೂ ಓಡಾಡುವ ಬೀದಿಗಳ ಮೂಲವನ್ನು ಹುಡುಕುತ್ತ ಹೋದರೆ, ಇಬ್ಬರು ನೆರೆಯವರು ಸಮಾಧಾನವನ್ನು ಕಾಪಾಡಿಕೊಳ್ಳದೆ ಹೋದ ಕಥೆಯೂ ಅಲ್ಲಿ ಸಿಕ್ಕುತ್ತದೆ.

ಟೀಪುವಿನ ಕಾಲದಲ್ಲಿ ಮೈಸೂರಿಗೆ ಅರಬ್ಬೀ ಕರಾವಳಿಯ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯಿದ್ದಿತು. ೧೭೮೬ರಲ್ಲಿ ತುರ್ಕಿಗೆ ಹೊರಟ ಅವನ ರಾಯಭಾರಿಗಳೂ ಆ ದಾರಿಯಲ್ಲಿಯೇ ಹೋದರು. ಆ ದೇಶದ ದಕ್ಷಿಣಭಾಗದಲ್ಲಿ, ಒಂದೂವರೆ ಶತಮಾನ ಕಳೆದ ಬಳಿಕ, ನಮ್ಮ ತುಂಗಭದ್ರೆಯ ಸೀಮೆಯ ವ್ಯಾಜ್ಯವನ್ನು ಹೋಲುವ ಮತ್ತೊಂದು ವ್ಯಾಜ್ಯವು ತಲೆದೋರಿತು. ಉತ್ತರಕ್ಕೆ ಇಬ್ನ್ ಸೌದ್ ದೊರೆಯ ಸೌದಿ ಅರೇಬಿಯ. ದಕ್ಷಿಣಕ್ಕೆ ಇಮಾಂ ಯಾಹ್ಯಾನ ಯೆಮೆನ್. ನಡುವೆ ಅಸೀರ್, ನಜ್ರಾನ್ ಎಂಬ ಪ್ರಾಂತಗಳು. ಅಸೀರಿನ ಒಡೆಯನಾಗಿದ್ದ ಇದ್ರೀಸಿ ಮನೆತನದವನು ೧೯೩೨ರಲ್ಲಿ ಸೌದಿಯವರ ಮೇಲೆ ದಂಗೆಯೆದ್ದು ಸೋತು ಯೆಮೆನಿನಲ್ಲಿ ಆಶ್ರಯ ಪಡೆದನು. ೧೯೩೪ರ ಆರಂಭದಲ್ಲಿ ಅಭಾ ಪಟ್ಟಣದಲ್ಲಿ ನಡೆದ ಮಾತುಕತೆಯು ಮುರಿದು, ಮಾರ್ಚಿಯಲ್ಲಿ ಯುದ್ಧವು ಆರಂಭವಾಯಿತು. ದೊರೆಯ ಮಗನಾದ ಫೈಸಲನು ಕರಾವಳಿಯುದ್ದಕ್ಕೂ ನಡೆದು, ಮೇ ತಿಂಗಳ ಮೊದಲಲ್ಲಿ ಯೆಮೆನಿನ ಮುಖ್ಯ ಬಂದರಾದ ಹೊದೈದಾವನ್ನು ವಶಪಡಿಸಿಕೊಂಡನು.

ಆಗ ಅರಬ್ಬೀ ಲೋಕದ ನಾಲ್ವರು ಗಣ್ಯರು ಮಧ್ಯಸ್ಥರಾಗಿ ಬಂದರು. ಯೆರೂಸಲೇಮಿನ ಮುಫ್ತಿ ಅಮೀನ್ ಅಲ್ ಹುಸೇನಿ, ಸಿರಿಯದ ಹಾಶಿಂ ಅಲ್ ಅತಾಸಿ, ಲೆಬನಾನಿನ ಶಕೀಬ್ ಅರ್ಸಲಾನ್, ಈಜಿಪ್ತದ ಮುಹಮ್ಮದ್ ಅಲಿ ಅಲ್ಲೂಬಾ ಪಾಷಾ ಇವರೇ ಆ ನಾಲ್ವರು. ಇವರೆಲ್ಲರೂ ಆ ಎರಡು ರಾಜ್ಯಗಳ ಹೊರಗಿನಿಂದ ಬಂದವರು. ಎರಡು ಕಡೆಯವರೂ ಅವರ ಮಾತಿಗೆ ಕಿವಿಗೊಟ್ಟರು. ೧೯೩೪ರ ಮೇ ೨೦ರಂದು ತಾಯಿಫಿನ ಸಂಧಿಗೆ ರುಜುವಾಯಿತು. ಸೌದಿಯ ಪರವಾಗಿ ಅಮೀರ್ ಖಾಲಿದನೂ, ಯೆಮೆನಿನ ಪರವಾಗಿ ಅಬ್ದುಲ್ಲಾ ಅಲ್ ವಜೀರನೂ ಸಹಿಮಾಡಿದರು. ಗೆದ್ದ ದೊರೆಯು ಅಸೀರ್, ನಜ್ರಾನ್‌ಗಳನ್ನು ಉಳಿಸಿಕೊಂಡು, ಹೊದೈದಾ ಬಂದರನ್ನೂ ಅದರ ಸುತ್ತಣ ಕರಾವಳಿಯನ್ನೂ ಯೆಮೆನಿಗೆ ಹಿಂದಿರುಗಿಸಿದನು. ಇಮಾಮನ ಸಿಂಹಾಸನವು ಅಲುಗಲಿಲ್ಲ. ಸಂಧಿಯ ಅವಧಿ ಇಪ್ಪತ್ತು ಚಾಂದ್ರಮಾನ ವರ್ಷಗಳೆಂದು ಗೊತ್ತಾಯಿತು; ಮುಂದೆ ಹುಟ್ಟುವ ವ್ಯಾಜ್ಯಗಳನ್ನು ಪಂಚಾಯಿತಿಯಿಂದ ತೀರಿಸಿಕೊಳ್ಳುವ ಒಂದು ಕರಾರನ್ನೂ ಅದಕ್ಕೆ ಜೋಡಿಸಿದರು.

ಈ ಸಂಧಿಗೆ ಬೇಗನೆ ಪರೀಕ್ಷೆಯೊದಗಿತು. ೧೯೩೫ರ ಮಾರ್ಚಿಯಲ್ಲಿ, ಹಜ್ ಯಾತ್ರೆಯ ಕಾಲದಲ್ಲಿ, ಮೆಕ್ಕಾದ ಮಹಾಮಸೀದಿಯಲ್ಲಿಯೇ ಯೆಮೆನಿನವರೆಂದು ಗುರುತಿಸಲ್ಪಟ್ಟ ಮೂವರು ಕಠಾರಿಗಳನ್ನು ಹಿಡಿದು ಇಬ್ನ್ ಸೌದ್ ದೊರೆಯ ಮೇಲೆ ಬಿದ್ದರು. ಅಡ್ಡಬಂದ ಯುವರಾಜ ಸೌದನಿಗೆ ಗಾಯವಾಯಿತು. ಯುದ್ಧವನ್ನು ಮತ್ತೆ ಹೂಡುವುದಕ್ಕೆ ಇದಕ್ಕಿಂತ ದೊಡ್ಡ ನೆಪವು ಬೇಕೆ? ಆದರೂ ಸಂಧಿಯು ಮುರಿಯಲಿಲ್ಲ.

ತಾಯಿಫಿನ ಪತ್ರದಿಂದ ಆ ಸೀಮೆಗೆ ಶಾಶ್ವತವಾದ ಶಾಂತಿ ದೊರಕಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ೧೯೬೨ರಲ್ಲಿ ಯೆಮೆನಿನ ಅರಸೊತ್ತಿಗೆಯು ಉರುಳಿದ ಮೇಲೆ ಅಲ್ಲಿ ಬಹುವರ್ಷಗಳ ಅಂತರ್ಯುದ್ಧವು ನಡೆಯಿತು. ೨೦೧೫ರಲ್ಲಿ ಸೌದಿಯ ವಿಮಾನಗಳು ಯೆಮೆನಿನ ಮೇಲೆ ಬಾಂಬುಗಳನ್ನು ಸುರಿಸಿದವು. ಆದರೆ ೧೯೩೪ರಲ್ಲಿ ಗೊತ್ತುಮಾಡಿದ ಗಡಿಯನ್ನೇ ಆಧಾರವಾಗಿಟ್ಟುಕೊಂಡು ೨೦೦೦ನೆಯ ಇಸವಿಯ ಜೂನ್ ೧೨ರಂದು ಜಿದ್ದಾದಲ್ಲಿ ಉಭಯ ದೇಶಗಳೂ ಹೊಸ ಒಪ್ಪಂದಕ್ಕೆ ಬಂದವು. ನೆಲದ ವಿಷಯವಾದ ವ್ಯಾಜ್ಯಕ್ಕೆ ಹಿಂದಿನವರು ಬರೆದಿಟ್ಟ ಒಂದು ಕಾಗದವು ಅರುವತ್ತಾರು ವರ್ಷಗಳ ಮೇಲೂ ಕೈಗೆ ಬಂದಿತು.

ಎರಡು ಸಂಧಿಗಳನ್ನೂ ತೂಗಿನೋಡಿದರೆ ಹೀಗೆ ತೋರುತ್ತದೆ. ಗಡಿಯ ನಿರ್ಣಯವು ಎರಡರಲ್ಲಿಯೂ ಉಂಟು. ಎದುರಾಳಿಯ ಮಾನರಕ್ಷಣೆಯೂ ಎರಡರಲ್ಲಿ ಉಂಟು. ಗಜೇಂದ್ರಗಡದಲ್ಲಿ ನಡುವೆ ನಿಂತವನು ಒಂದು ಪಕ್ಷದ ದಳಪತಿಯೇ. ತಾಯಿಫಿನಲ್ಲಿ ನಿಂತವರು ಹೊರಗಿನವರು. ಗಜೇಂದ್ರಗಡದ ಕರಾರು ಹಿಂದಿನದನ್ನು ತೀರಿಸಿ ಮುಗಿಯಿತು. ತಾಯಿಫಿನದು ನಾಳೆಯ ಜಗಳವೂ ಬರುವುದೆಂದು ಮೊದಲೇ ಒಪ್ಪಿಕೊಂಡು ಅದಕ್ಕೆ ಬಾಗಿಲನ್ನು ತೆರೆದಿಟ್ಟಿತು. ಮನುಷ್ಯರು ಮತ್ತೆ ಜಗಳವಾಡುವುದಿಲ್ಲವೆಂದು ನಂಬಿ ಬರೆದ ಸಂಧಿಗಿಂತ, ಜಗಳವಾಡುವರೆಂದು ತಿಳಿದು ಬರೆದ ಸಂಧಿಯೇ ಹೆಚ್ಚು ಬಾಳುವುದು.

ಪೂರ್ವವಿದ್ಯಾರ್ಥಿನಿಯರೇ, ತಾಯ್ತಂದೆಗಳೇ! ನಮ್ಮ ವಿಮಾನಪುರವು ೧೯೪೦ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯಿಂದ ಹೆಸರು ಪಡೆದ ಊರು; ಎರಡನೆಯ ಮಹಾಯುದ್ಧದಲ್ಲಿ ಪೆಟ್ಟುತಿಂದ ವಿಮಾನಗಳು ಇಲ್ಲಿ ದುರಸ್ತಿಯಾಗಿ ಮತ್ತೆ ಆಕಾಶಕ್ಕೇರಿದವು. ಅಂತಹ ಊರಿನ ಹುಡುಗಿಯರಿಗೆ ಯುದ್ಧದ ಸಲಕರಣೆಗಳ ಪರಿಚಯವು ತಾನಾಗಿಯೇ ಆಗುವುದು; ಸಂಧಾನದ ವಿದ್ಯೆಯನ್ನಾದರೋ ಕಲಿಸಿಯೇ ಕೊಡಬೇಕು. ಅದರ ಮೊದಲ ಪಾಠಶಾಲೆ ಮನೆ. ದಾಯಾದಿಗಳ ಹಿತ್ತಲಿನ ಬೇಲಿ, ಬೀದಿಯ ನಲ್ಲಿಯ ಸರದಿ, ಅಕ್ಕತಂಗಿಯರ ಪಾಲು, ಇವುಗಳಲ್ಲಿ ಎರಡು ಕಡೆಯ ಮಾತನ್ನೂ ಪೂರ್ತಿಯಾಗಿ ಕೇಳುವುದನ್ನು, ಸೋತವಳನ್ನು ಹಂಗಿಸದಿರುವುದನ್ನು, ಮುಂದಿನ ತಂಟೆಗೆ ಈಗಲೇ ದಾರಿಯನ್ನು ಗೊತ್ತುಮಾಡಿಕೊಳ್ಳುವುದನ್ನು ಅಭ್ಯಾಸಮಾಡಿದ ಹುಡುಗಿಯು ದೊಡ್ಡವಳಾಗಿ ನ್ಯಾಯಸ್ಥಾನದಲ್ಲಿಯೋ ರಾಯಭಾರದಲ್ಲಿಯೋ ಕುಳಿತಾಗ ಆ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಸಮಾಧಾನವನ್ನುಂಟುಮಾಡುವವರನ್ನು ನಮ್ಮ ಕರ್ತನು ದೇವರ ಮಕ್ಕಳ ಸಾಲಿನಲ್ಲಿ ಸೇರಿಸಿರುವನು. ನಮ್ಮ ಶಾಲೆಯ ಹೆಣ್ಣುಮಕ್ಕಳು ಆ ಸಾಲಿನಲ್ಲಿ ತಮ್ಮ ಸ್ಥಾನವನ್ನು ಪಡೆಯುವಂತಾಗಲಿ.