ದಾರಿಯಲ್ಲಿ ಚಕ್ರದ ಗಾಳಿ ಹೋದರೆ: ಕಾರಿನಲ್ಲಿ ಇರಬೇಕಾದ ಸಲಕರಣೆಗಳು

ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವಷ್ಟೇ ಶ್ರದ್ಧೆಯಿಂದ ಬಂಡಿಯ ಸಾಮಗ್ರಿಯನ್ನೂ ಸಿದ್ಧಪಡಿಸಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಎತ್ತಿನ ಗಾಡಿಯವನು ಅಚ್ಚಿಗೆ ಸವರುವ ಕೀಲೆಣ್ಣೆಯನ್ನೂ, ಚಕ್ರ ಕಳಚದಂತೆ ಸಿಕ್ಕಿಸುವ ಕಡಾಣಿಯನ್ನೂ ನೋಡಿಕೊಳ್ಳದೆ ಎತ್ತು ಹೂಡುತ್ತಿರಲಿಲ್ಲ. ಇಂದು ಆ ಗಾಡಿಯ ಸ್ಥಾನದಲ್ಲಿ ಕಾರು ನಿಂತಿದೆ. ಆದರೆ ಡಿಕ್ಕಿಯ ಹಾಸಿನ ಕೆಳಗೆ ಏನೇನಿದೆಯೆಂದು ಕೇಳಿದರೆ ಮನೆಯ ಯಜಮಾನರೂ ಕ್ಷಣಕಾಲ ಯೋಚಿಸಬೇಕಾಗುತ್ತದೆ. ಚಕ್ರದ ಗಾಳಿ ಹೋಗುವುದು ಅರ್ಧ ಗಂಟೆಯಲ್ಲಿ ಪರಿಹಾರವಾಗುವ ತೊಂದರೆ. ತಕ್ಕ ಸಲಕರಣೆ ಇಲ್ಲದಾಗ ಅದೇ ಆಪತ್ತಾಗಿ ಪರಿಣಮಿಸುತ್ತದೆ.

ನಮ್ಮ ಕಾಸರಗೋಡು ಸೀಮೆಯ ದಾರಿಗಳ ಸ್ವಭಾವವನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಚೆರ್ಕಳದಿಂದ ಮುಳ್ಳೇರಿಯ, ಆದೂರು ಮಾರ್ಗವಾಗಿ ಜಾಲ್ಸೂರಿಗೆ ಹೋಗುವಾಗಲಾಗಲಿ, ಪಾಣತ್ತೂರಿನಿಂದ ಕರಿಕೆಯ ಕಾಡು ದಾಟಿ ಭಾಗಮಂಡಲಕ್ಕೆ ಏರುವಾಗಲಾಗಲಿ, ಪಂಕ್ಚರ್ ಅಂಗಡಿ ಬೇಕಾದಲ್ಲಿ ಸಿಗುವುದಿಲ್ಲ. ಕಾಡಿನ ತಿರುವುಗಳಲ್ಲಿ ಮೊಬೈಲಿನ ಸಿಗ್ನಲನ್ನೂ ನೆಚ್ಚುವಂತಿಲ್ಲ. ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರನ್ನು ಆಶ್ರಯಿಸಿದ ಕುಟುಂಬಗಳು ನಮ್ಮಲ್ಲಿ ಬಹಳ. ಹಿಂದಿನ ಸೀಟಿನಲ್ಲಿ ರೋಗಿ ಮಲಗಿರುವಾಗ, ಸುರಿಯುವ ಮಳೆಯಲ್ಲಿ, ಸ್ಟಿಯರಿಂಗ್ ಹಿಡಿದವರು ಮಗಳೋ ಸೊಸೆಯೋ ನಿವೃತ್ತರಾದ ಹಿರಿಯರೋ ಆಗಿರಬಹುದು. ಆದುದರಿಂದ ಸಲಕರಣೆಗಳನ್ನು ಆರಿಸುವಾಗ ನಾವು ಹಿಡಿಯಬೇಕಾದ ಅಳತೆಗೋಲು ಒಂದೇ: ಮನೆಯಲ್ಲಿ ಕಾರು ಓಡಿಸುವವರ ಪೈಕಿ ಅತ್ಯಂತ ಕಡಿಮೆ ಬಲವುಳ್ಳವರು ಒಬ್ಬರೇ ಇದ್ದಾಗ ಇದನ್ನು ಬಳಸಬಲ್ಲರೇ?

ಮೊದಲು ಸ್ಟೆಪ್ನಿಯ ವಿಚಾರ. ಈ ಹೆಸರು ವೇಲ್ಸ್ ದೇಶದ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದುದು. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಗಾಳಿ ಹೋದ ಚಕ್ರಕ್ಕೆ ಬಿಗಿಯಬಹುದಾದ, ಗಾಳಿ ತುಂಬಿದ ಬಿಡಿ ಚಕ್ರವೊಂದನ್ನು ರೂಪಿಸಿದರು. ಬೀದಿಯ ಹೆಸರು ವಸ್ತುವಿಗಂಟಿ ನಮ್ಮ ನಾಲಿಗೆಗಳಲ್ಲಿ ಉಳಿದುಕೊಂಡಿತು. ಆದರೆ ಈಗ ಎಲ್ಲ ಹೊಸ ಕಾರುಗಳಲ್ಲೂ ಸ್ಟೆಪ್ನಿ ಇರುವುದಿಲ್ಲ. ಟ್ಯೂಬಿಲ್ಲದ ಟಯರು, ಗಾಳಿಯ ಒತ್ತಡ ಇಳಿದರೆ ಎಚ್ಚರಿಸುವ ಯಂತ್ರ ಮತ್ತು ರಿಪೇರಿ ಕಿಟ್ ಇದ್ದಲ್ಲಿ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಕಿಟ್ಟಿನೊಳಗಿನ ಅಂಟುದ್ರವವು ಟಯರು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆಯಿಂದಾದ ಸಣ್ಣ ರಂಧ್ರವನ್ನು ಮುಚ್ಚಬಲ್ಲದು. ಚೂಪಾದ ಕಲ್ಲು ತಗಲಿ ಟಯರಿನ ಪಕ್ಕ ಸೀಳಿದರೆ ಅದರಿಂದ ಏನೂ ಪ್ರಯೋಜನವಿಲ್ಲ. ಆ ದ್ರವದ ಬಾಟಲಿಗೂ ಔಷಧಿಯಂತೆ ಅವಧಿಯುಂಟು. ಅಂಚು ಕಿತ್ತುಹೋದ ಡಾಮರು ರಸ್ತೆಗಳಲ್ಲಿ ಓಡಾಡುವವರು ಸ್ಟೆಪ್ನಿ ಇರುವ ಕಾರನ್ನೇ ಆರಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಸ್ಟೆಪ್ನಿ ಇದ್ದರಷ್ಟೇ ಸಾಲದು, ಅದರಲ್ಲಿ ಗಾಳಿ ಇರಬೇಕು. ಬಳಸದೆ ಇರಿಸಿದ ಟಯರಿನಿಂದಲೂ ತಿಂಗಳು ತಿಂಗಳು ಸ್ವಲ್ಪ ಗಾಳಿ ಸೋರುತ್ತದೆ. ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಚಕ್ರಗಳಿಗೆ ಗಾಳಿ ಹಿಡಿಸುವಾಗ ಐದನೆಯದನ್ನೂ ತೋರಿಸುವ ರೂಢಿ ಮಾಡಿಕೊಳ್ಳಬೇಕು. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳಿಂದ ಅದರ ವಯಸ್ಸನ್ನು ತಿಳಿಯಬಹುದು. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದುದೆಂದು ಅರ್ಥ.

ಇನ್ನು ಜಾಕ್. ಅಂಗಡಿಗಳಲ್ಲಿ ಎಣ್ಣೆಯ ಒತ್ತಡದಿಂದ ಎತ್ತುವ, ಬಾಟಲಿಯಾಕಾರದ ಜಾಕ್ ಆಕರ್ಷಕವಾಗಿ ಕಾಣುತ್ತದೆ. ಆದರೆ ಗಾಳಿ ಹೋದ ಕಾರು ನೆಲಕ್ಕೆ ತಗ್ಗಿ ನಿಂತಿರುವುದರಿಂದ ಎತ್ತರದ ಜಾಕ್ ಅದರಡಿಗೆ ಹೋಗದೆ ಇರಬಹುದು. ಸಣ್ಣ ಕಾರಿಗೆ, ಅದರೊಡನೆಯೇ ಬಂದಿರುವ, ತಿರುಪಿನಿಂದ ಏರುವ ಕತ್ತರಿ ಜಾಕ್ ಸಾಕು. ವರ್ಷಕ್ಕೊಮ್ಮೆ ಅದರ ತಿರುಪಿಗೆ ಗ್ರೀಸ್ ಸವರಿ, ಪೂರ್ತಿ ಏರಿಸಿ ಇಳಿಸಿಡಬೇಕು. ಮಳೆಗಾಲದ ಕೆಸರಿನಲ್ಲಿ ಜಾಕಿನ ಪಾದ ಹೂತುಹೋಗುತ್ತದೆ. ಅದಕ್ಕಾಗಿ ಒಂದಡಿ ಉದ್ದಗಲದ, ಒಂದಂಗುಲ ದಪ್ಪದ ಗಟ್ಟಿ ಹಲಗೆಯ ತುಂಡೊಂದು ಡಿಕ್ಕಿಯಲ್ಲಿರಲಿ. ಅದರ ಜೊತೆಗೆ ಮರದ ಎರಡು ಬೆಣೆಗಳು. ಬದಲಿಸುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಮುಂದೊಂದು ಹಿಂದೊಂದು ಇವನ್ನಿಟ್ಟರೆ ಕಾರು ಉರುಳುವುದಿಲ್ಲ. ಬಡಗಿಯ ಬಳಿ ಉಳಿದ ಮರದ ತುಂಡುಗಳಿಂದಲೇ ಇವನ್ನು ಮಾಡಿಸಿಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚಿನ ವಿವೇಚನೆ ಬೇಕಾಗಿರುವುದು ಸ್ಪ್ಯಾನರಿನ ಆಯ್ಕೆಯಲ್ಲಿ. ಶಾಲೆಯ ವಿಜ್ಞಾನದಲ್ಲಿ ಕಲಿತ ಸನ್ನೆಗೋಲಿನ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಸಣ್ಣ ಕಾರುಗಳ ಚಕ್ರದ ನಟ್ಟುಗಳನ್ನು ಸಾಮಾನ್ಯವಾಗಿ ಸುಮಾರು 100 ನ್ಯೂಟನ್ ಮೀಟರ್ ಬಿಗಿಯಲ್ಲಿ ಕೂರಿಸಿರುತ್ತಾರೆ. ಸ್ಪ್ಯಾನರಿನ ಹಿಡಿ 25 ಸೆಂಟಿಮೀಟರ್ ಇದ್ದರೆ ಅದನ್ನು ಸಡಿಲಿಸಲು ತುದಿಯಲ್ಲಿ ಸುಮಾರು 40 ಕಿಲೋ ಭಾರದಷ್ಟು ಬಲ ಹಾಕಬೇಕು. ಹಿಡಿ 50 ಸೆಂಟಿಮೀಟರ್ ಆದರೆ 20 ಕಿಲೋ ಸಾಕು. ತುಕ್ಕು ಹಿಡಿದಿದ್ದರೆ, ಅಥವಾ ವರ್ಕ್‌ಶಾಪಿನಲ್ಲಿ ಯಂತ್ರದಿಂದ ಅತಿಯಾಗಿ ಬಿಗಿದಿದ್ದರೆ, ಇನ್ನೂ ಹೆಚ್ಚು ಬೇಕಾದೀತು. ಗಿಡ್ಡ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕಾಲು ಜಾರಿಸಿಕೊಳ್ಳುವುದಕ್ಕಿಂತ, ಎಳೆದು ಉದ್ದ ಮಾಡುವ ಸ್ಪ್ಯಾನರನ್ನೋ ಎರಡು ಕೈಗಳಿಂದ ತಿರುಗಿಸುವ ಶಿಲುಬೆಯಾಕಾರದ ಸ್ಪ್ಯಾನರನ್ನೋ ಕೊಳ್ಳುವುದು ಮೇಲು. ಕೊಳ್ಳುವ ಮೊದಲು ಅದರ ಬಾಯಿ ನಮ್ಮ ಕಾರಿನ ನಟ್ಟಿಗೆ ಸರಿಯಾಗಿ ಕೂರುವುದೇ ಎಂದು ನೋಡಬೇಕು. 17, 19, 21 ಮಿಲಿಮೀಟರ್ ಹೀಗೆ ಅಳತೆಗಳು ಬೇರೆ ಬೇರೆ. ಕಳ್ಳರಿಂದ ರಕ್ಷಿಸಲು ಬೀಗದ ನಟ್ಟು ಹಾಕಿಸಿದವರು ಅದರ ವಿಶೇಷ ಕೀಲಿಯನ್ನು ಮನೆಯ ಕಪಾಟಿನಲ್ಲಿಡದೆ ಕಾರಿನಲ್ಲೇ ಇಡತಕ್ಕದ್ದು.

ಉಳಿದವು ಸಣ್ಣ ವಸ್ತುಗಳು. ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಇದ್ದರೆ ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ. ಮಂಡಿಯೂರಲು ಒಂದು ಗೋಣಿಚೀಲ, ದಪ್ಪ ಕೈಚೀಲ, ಮಳೆಯಂಗಿ, ಗಾಳಿಯ ಒತ್ತಡ ನೋಡುವ ಗೇಜ್, ಕಾರಿನ ವಿದ್ಯುತ್ತಿನಿಂದ ನಡೆಯುವ ಸಣ್ಣ ಪಂಪು ಇರಲಿ. ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನವನ್ನಂತೂ ಮರೆಯಲಾಗದು. ಅದನ್ನು ಕಾರಿನಿಂದ ಸುಮಾರು 50 ಮೀಟರ್ ಹಿಂದೆ ಇಡಬೇಕು. ಘಾಟಿಯ ತಿರುವಿನಲ್ಲಾದರೆ, ಹಿಂದಿನಿಂದ ಬರುವವರಿಗೆ ತಿರುವಿಗೆ ಮೊದಲೇ ಕಾಣುವಂತೆ ಇಡಬೇಕು.

ಸಲಕರಣೆಗಳನ್ನು ಬಳಸುವ ಕ್ರಮ ತಪ್ಪಿದರೆ ಪ್ರಾಣಕ್ಕೇ ಕುತ್ತು. ಸಮತಟ್ಟಾದ, ಗಟ್ಟಿ ನೆಲ ಸಿಗುವವರೆಗೆ ಕಾರನ್ನು ಮೆಲ್ಲನೆ ಸಾಗಿಸಬೇಕು. ಅದರಿಂದ ಟಯರು ಕೆಟ್ಟರೂ ಚಿಂತಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಂತಹ ವೇಗದ ದಾರಿಯ ನಡುವೆ ಕುಳಿತು ಚಕ್ರ ಬಿಚ್ಚತೊಡಗಬಾರದು. ಪ್ರಯಾಣಿಕರೆಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕೈಬ್ರೇಕ್ ಎಳೆದು, ಬೆಣೆಗಳನ್ನಿಟ್ಟು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಕಾರಿನ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಲ್ಲದೆ ಬೇರೆಡೆ ಜಾಕ್ ಕೊಡಬಾರದು. ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾವ ಕಾರಣಕ್ಕೂ ತೂರಬಾರದು. ಸ್ಟೆಪ್ನಿ ಕೂರಿಸಿದ ಮೇಲೆ ನಟ್ಟುಗಳನ್ನು ಒಂದರ ಎದುರಿನದೊಂದರಂತೆ ಬಿಗಿದು, ಕಾರಿಳಿಸಿ, ಮತ್ತೊಮ್ಮೆ ಬಿಗಿಯಬೇಕು. ಐವತ್ತು ಕಿಲೋಮೀಟರ್ ಓಡಿದ ಬಳಿಕ ಮಗದೊಮ್ಮೆ ಪರೀಕ್ಷಿಸುವುದು ಒಳಿತು. ಸ್ಟೆಪ್ನಿ ಸಪೂರದ, ತಾತ್ಕಾಲಿಕ ಬಗೆಯದಾಗಿದ್ದರೆ ಅದರ ಮೇಲೆ ಬರೆದ ವೇಗಮಿತಿಯನ್ನು ಮೀರಬಾರದು. ಹೆಚ್ಚಿನವುಗಳಲ್ಲಿ ಅದು ಗಂಟೆಗೆ 80 ಕಿಲೋಮೀಟರ್.

ಇಷ್ಟೆಲ್ಲ ಕೊಂಡು ತಂದು ಡಿಕ್ಕಿಯಲ್ಲಿ ಮುಚ್ಚಿಟ್ಟರೆ ಕೆಲಸ ಮುಗಿಯಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ನಡುರಾತ್ರಿ ಘಾಟಿಯಲ್ಲಿ ಜಾಕಿನ ಹಿಡಿ ಯಾವುದೆಂದು ಹುಡುಕುವಂತಾಗಬಾರದು. ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಒಂದು ಭಾನುವಾರ, ಮನೆಯಂಗಳದಲ್ಲಿ ಕಾರು ಓಡಿಸುವವರೆಲ್ಲರೂ ಸರದಿಯಂತೆ ಒಂದೊಂದು ಬಾರಿ ಚಕ್ರ ಬಿಚ್ಚಿ ಹಾಕಲಿ. ಯಾರ ಕೈಗೆ ಯಾವ ನಟ್ಟು ಜಗ್ಗುವುದಿಲ್ಲ, ಯಾರಿಗೆ ಸ್ಟೆಪ್ನಿಯನ್ನು ಎತ್ತಲಾಗುವುದಿಲ್ಲ ಎಂಬುದು ಆಗ ತಿಳಿಯುತ್ತದೆ. ಸ್ಪ್ಯಾನರ್ ಉದ್ದದ್ದು ಬೇಕೇ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ದೊರೆಯುತ್ತದೆ. ನೆರವು ಕೇಳುವುದೇ ಸರಿಯೆನಿಸುವವರು 112 ಎಂಬ ತುರ್ತು ಸಂಖ್ಯೆಯನ್ನೂ, ರಾಷ್ಟ್ರೀಯ ಹೆದ್ದಾರಿಗಳಿಗಾಗಿ ಇರುವ 1033ನ್ನೂ ನೆನಪಿಡಲಿ. ಗಡಿಯ ಆಚೆಗೂ ಈಚೆಗೂ ಇವು ಒಂದೇ. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಜಾಕಿನ ಚೀಲದೊಳಗೇ ಇಟ್ಟುಬಿಡುವುದು ಉತ್ತಮ. ಈ ಭಾನುವಾರ ಬಿಡುವಿದ್ದ ವಾಚಕರು ಡಿಕ್ಕಿಯ ಹಾಸನ್ನೊಮ್ಮೆ ಎತ್ತಿ ನೋಡಿ, ಇಲ್ಲದ ವಸ್ತುಗಳ ಪಟ್ಟಿ ಮಾಡಲೆಂದು ನಮ್ಮ ವಿನಂತಿ.