ಪುಸ್ತಕದ ಯಂತ್ರ ಬಂತು, ಮನಸ್ಸು ಬರಲಿಲ್ಲ

ಪುಸ್ತಕ ಓದಿದವರು ಅದರ ಸಿನಿಮಾವನ್ನೋ ಧಾರಾವಾಹಿಯನ್ನೋ ನೋಡಿ ಎದ್ದ ಮೇಲೆ ಆಡುವ ಮಾತು ಎಲ್ಲ ಊರಲ್ಲೂ ಒಂದೇ: "ಪುಸ್ತಕದಷ್ಟು ಚೆನ್ನಾಗಿಲ್ಲ." ಮಕ್ಕಳಿಗಾಗಿ ಬರೆದ ವೈಜ್ಞಾನಿಕ ಕಾದಂಬರಿಗಳ ವಿಷಯದಲ್ಲಂತೂ ಈ ಮಾತು ತಪ್ಪಿದ್ದೇ ಕಡಿಮೆ. ಕಾರಣ ಕೇಳಿದರೆ, ದುಡ್ಡು ಸಾಲಲಿಲ್ಲ, ಗ್ರಾಫಿಕ್ಸ್ ಸರಿಯಿಲ್ಲ ಎನ್ನುತ್ತಾರೆ. ಆ ಉತ್ತರದಲ್ಲಿ ಅರ್ಧ ಮಾತ್ರ ನಿಜವಿದೆ. ಉಳಿದ ಅರ್ಧ ಯಾವುದೆಂದು ತಿಳಿಯಲು ಹೊರದೇಶದ ಮೂರು ಕಥೆಗಳನ್ನು ನೋಡೋಣ.

ಮೊದಲನೆಯದು 'ಟ್ರೈಪಾಡ್ಸ್'. ಇಂಗ್ಲೆಂಡಿನ ಲೇಖಕ ಜಾನ್ ಕ್ರಿಸ್ಟೋಫರ್ 1967 ಮತ್ತು 68ರಲ್ಲಿ ಬರೆದ ಮೂರು ಪುಸ್ತಕಗಳ ಸರಣಿ. ಮೂರು ಕಾಲಿನ ದೈತ್ಯ ಯಂತ್ರಗಳು ಭೂಮಿಯನ್ನು ಆಳುತ್ತಿವೆ. ರೈಲು, ವಿದ್ಯುತ್ತು, ದೊಡ್ಡ ಪಟ್ಟಣ ಎಲ್ಲವೂ ಅಳಿದು, ಮನುಷ್ಯರು ಕುದುರೆಗಾಡಿಯ ಕಾಲಕ್ಕೆ ಮರಳಿದ್ದಾರೆ. ಹದಿನಾಲ್ಕು ವರ್ಷದ ಹೊತ್ತಿಗೆ ಪ್ರತಿ ಹುಡುಗ ಹುಡುಗಿಯ ತಲೆಗೂ ಲೋಹದ ಬಲೆಯೊಂದನ್ನು ಕೂರಿಸಲಾಗುತ್ತದೆ. ಅಲ್ಲಿಂದ ಮುಂದೆ ಅವರು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಸುಖವಾಗಿಯೇ ಇರುತ್ತಾರೆ. ವಿಲ್ ಎಂಬ ಹುಡುಗ ಆ ದಿನ ಬರುವ ಮೊದಲೇ ಊರು ಬಿಟ್ಟು ಓಡಿಹೋಗುತ್ತಾನೆ. ಓದುವ ಮಕ್ಕಳ ವಯಸ್ಸೂ ಹೆಚ್ಚುಕಡಿಮೆ ಅದೇ. ಹಾಗಾಗಿ ಆ ಭಯ ಓದುಗನ ಸ್ವಂತ ಭಯವಾಗುತ್ತದೆ.

ಬಿಬಿಸಿ 1984ರಲ್ಲಿ ಇದನ್ನು ಧಾರಾವಾಹಿ ಮಾಡಿತು. ಮೊದಲ ವರ್ಷ 13 ಕಂತು, ಮರುವರ್ಷ 12. ಯಂತ್ರವನ್ನು ತೆರೆಯ ಮೇಲೆ ತೋರಿಸಿದಷ್ಟೂ ಖರ್ಚು. ಆದ್ದರಿಂದ ಯಂತ್ರ ಅಪರೂಪವಾಯಿತು, ಹುಡುಗರ ನಡಿಗೆ ಉದ್ದವಾಯಿತು. ಪುಸ್ತಕದಲ್ಲಿ ಇಲ್ಲದ ಒಂದು ದ್ರಾಕ್ಷಿತೋಟದ ಸಂಸಾರವನ್ನೇ ಸೇರಿಸಿ ಕಂತು ತುಂಬಿಸಿದರು. ಕೊನೆಗೆ ಮೂರನೆಯ ಪುಸ್ತಕದ ಸರದಿ ಬರುವಷ್ಟರಲ್ಲಿ ಧಾರಾವಾಹಿಯೇ ನಿಂತುಹೋಯಿತು. ಸ್ವತಂತ್ರ ಮನುಷ್ಯರ ಅಡಗುದಾಣ ನಾಶವಾಗಿರುವುದನ್ನು ತೋರಿಸಿದ್ದೇ ಕೊನೆ. ಮನುಷ್ಯರು ಗೆಲ್ಲುವುದು ಮೂರನೆಯ ಪುಸ್ತಕದಲ್ಲಿ. ಟಿ.ವಿ. ಮಾತ್ರ ನೋಡಿದ ಮಕ್ಕಳ ಪಾಲಿಗೆ ಮನುಷ್ಯರು ಇಂದಿಗೂ ಸೋತೇ ಇದ್ದಾರೆ!

ಇದೇ ಲೇಖಕ 1988ರಲ್ಲಿ ಈ ಕಥೆಯ ಹಿಂದಿನ ಕಥೆಯನ್ನು ಬರೆದರು. ಅದರಲ್ಲಿ ಅನ್ಯಗ್ರಹದವರು ಮನುಷ್ಯರ ಮನಸ್ಸನ್ನು ಹಿಡಿಯುವುದು ಯಾವುದರಿಂದ ಗೊತ್ತೇ? ಒಂದು ಟಿ.ವಿ. ಕಾರ್ಯಕ್ರಮದಿಂದ.

ಎರಡನೆಯದು ಮ್ಯಾಡಲಿನ್ ಲೆಂಗಲ್ ಬರೆದ 'ಎ ರಿಂಕಲ್ ಇನ್ ಟೈಮ್'. 1962ರ ಈ ಪುಸ್ತಕಕ್ಕೆ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಕಾಣೆಯಾದ ವಿಜ್ಞಾನಿ ತಂದೆಯನ್ನು ಹುಡುಕುತ್ತ ಮೆಗ್ ಎಂಬ ಹುಡುಗಿ ಬೇರೆ ಬೇರೆ ಲೋಕಗಳಿಗೆ ಹೋಗುತ್ತಾಳೆ. ಇದರ ಟಿ.ವಿ. ಚಿತ್ರ ಅಮೆರಿಕದಲ್ಲಿ 2004ರಲ್ಲಿ ಪ್ರಸಾರವಾಯಿತು. ಆಗ ಎಂಬತ್ತು ದಾಟಿದ್ದ ಲೇಖಕಿ, ಅದು ಕೆಟ್ಟದಾಗಿರುತ್ತದೆಂದು ಮೊದಲೇ ಅಂದುಕೊಂಡಿದ್ದೆ, ಹಾಗೆಯೇ ಇದೆ ಎಂಬರ್ಥದ ಮಾತನ್ನು ಸಂದರ್ಶನದಲ್ಲಿ ಹೇಳಿಬಿಟ್ಟರು. 2018ರಲ್ಲಿ ಡಿಸ್ನಿಯವರು ಸುಮಾರು ಹತ್ತು ಕೋಟಿ ಡಾಲರ್ ಸುರಿದು ಮತ್ತೆ ಸಿನಿಮಾ ಮಾಡಿದರು. ಈಗ ದುಡ್ಡಿನ ಕೊರತೆ ಎನ್ನುವಂತಿಲ್ಲ. ಆದರೂ ಓದುಗರ ಕೊರಗು ತೀರಲಿಲ್ಲ.

ಪುಸ್ತಕದಲ್ಲಿ ಒಂದು ಅಧ್ಯಾಯವಿದೆ. ಕಣ್ಣೇ ಇಲ್ಲದ ಜೀವಿಯೊಂದು ಗಾಯಗೊಂಡ ಮೆಗ್‌ಳನ್ನು ಮಗುವಿನಂತೆ ಆರೈಕೆ ಮಾಡುತ್ತದೆ. ನೋಡುವುದು ಎಂದರೇನು, ಬೆಳಕು ಎಂದರೇನು ಎಂದು ಅದಕ್ಕೆ ವಿವರಿಸಲು ಮೆಗ್ ಹೆಣಗುತ್ತಾಳೆ, ಆಗುವುದಿಲ್ಲ. ಬೆಳಕೆಂದರೆ ಏನೆಂದು ನೀವೇ ಕಣ್ಣು ಮುಚ್ಚಿಕೊಂಡು ಒಬ್ಬರಿಗೆ ಹೇಳಿ ನೋಡಿ, ಭೌತಶಾಸ್ತ್ರದ ವಿದ್ಯಾರ್ಥಿಗಳೂ ತಡವರಿಸುತ್ತೀರಿ. ಪುಸ್ತಕದ ಅತ್ಯಂತ ಸೊಗಸಾದ ಭಾಗ ಇದೆಂದು ನನ್ನ ಎಣಿಕೆ. 2018ರ ಸಿನಿಮಾ ಈ ಅಧ್ಯಾಯವನ್ನೇ ಬಿಟ್ಟುಬಿಟ್ಟಿತು. ಕಣ್ಣಿಗೆ ತೋರಿಸುವುದೇ ಕೆಲಸವಾದ ಮಾಧ್ಯಮ, ಕಾಣುವುದೆಂದರೇನೆಂದೇ ಅರಿಯದ ಜೀವಿಯನ್ನು ಇಟ್ಟುಕೊಂಡು ಏನು ಮಾಡೀತು?

ಮೂರನೆಯದು ಕೆ.ಎ. ಆಪಲ್‌ಗೇಟ್ ಹೆಸರಿನಲ್ಲಿ 1996ರಿಂದ 2001ರವರೆಗೆ ಬಂದ 'ಆನಿಮಾರ್ಫ್ಸ್'. ಮುಖ್ಯ ಸರಣಿಯಲ್ಲೇ 54 ಪುಸ್ತಕ. ಐವರು ಮಕ್ಕಳಿಗೆ ತಾವು ಮುಟ್ಟಿದ ಪ್ರಾಣಿಯಾಗಿ ಬದಲಾಗುವ ಶಕ್ತಿ ಸಿಗುತ್ತದೆ. ಎರಡು ಗಂಟೆ ಮೀರಿದರೆ ಮತ್ತೆ ಮನುಷ್ಯರಾಗಲು ಸಾಧ್ಯವಿಲ್ಲ. ಶತ್ರು ಎಂದರೆ ಕಿವಿಯೊಳಗಿಂದ ನುಗ್ಗಿ ಮೆದುಳನ್ನೇ ಆಕ್ರಮಿಸುವ ಹುಳುವಿನಂಥ ಜೀವಿ. ಇವರ ಜೊತೆಗಾರ ಆಕ್ಸ್ ಎಂಬವನದು ನೀಲಿ ಮೈ, ನಾಲ್ಕು ಕಾಲು, ಕತ್ತಿಯಂಥ ಬಾಲ, ಬಾಯಿಯೇ ಇಲ್ಲ. 1998ರಲ್ಲಿ ಶುರುವಾದ 26 ಕಂತಿನ ಧಾರಾವಾಹಿಯಲ್ಲಿ ಅವನು ಹೆಚ್ಚಿನ ಹೊತ್ತು ಸಾಧಾರಣ ಹುಡುಗನ ರೂಪದಲ್ಲೇ ಓಡಾಡಿಕೊಂಡಿದ್ದ.

ಮೂರೂ ಕಥೆಗಳ ಶತ್ರು ಒಂದೇ ಬಗೆಯವನು ಎಂಬುದನ್ನು ಗಮನಿಸಿದಿರಾ? ತಲೆಗೆ ಬಲೆ, ಮೆದುಳಿಗೆ ಹುಳು. 'ರಿಂಕಲ್'ನಲ್ಲಿ ಇಡೀ ಊರನ್ನು ಒಂದೇ ತಾಳಕ್ಕೆ ಕುಣಿಸಿ, ಮೆಗ್‌ಳ ಪುಟ್ಟ ತಮ್ಮನನ್ನೂ ವಶಮಾಡಿಕೊಳ್ಳುವ ದೊಡ್ಡದೊಂದು ಮಿದುಳು. ಹೋರಾಟ ನಡೆಯುವುದು ಮನಸ್ಸಿನೊಳಗೆ. ಪುಸ್ತಕದಲ್ಲಿ ವಿಲ್ 'ನಾನು' ಎಂದು ಕಥೆ ಹೇಳುತ್ತಾನೆ. ಆನಿಮಾರ್ಫ್ಸ್ ಮಕ್ಕಳೂ ಒಬ್ಬೊಬ್ಬರಾಗಿ 'ನಾನು' ಎಂದೇ ಹೇಳುತ್ತಾರೆ. ನಾವು ಆ ತಲೆಯೊಳಗೇ ಕೂತಿರುತ್ತೇವೆ. ಕ್ಯಾಮೆರಾ ಕೂರುವುದು ತಲೆಯ ಹೊರಗೆ. ಮನಸ್ಸು ಕಳೆದುಕೊಂಡವನೂ ಕಳೆದುಕೊಳ್ಳದವನೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ಆಗ ನಿರ್ದೇಶಕನಿಗೆ ಉಳಿಯುವುದು ಓಟ, ಅಟ್ಟಿಸಿಕೊಂಡು ಹೋಗುವುದು, ಹೊಳೆಯುವ ಕಣ್ಣು. ಗ್ರಾಫಿಕ್ಸ್ ಸುಧಾರಿಸಿದರೆ ಕಣ್ಣು ಇನ್ನಷ್ಟು ಹೊಳೆಯುತ್ತದೆ, ಅಷ್ಟೇ.

ನಮ್ಮ ಕೊಳ್ಳೇಗಾಲ, ಹನೂರು ಕಡೆಯವರಿಗೆ ಈ ಅಂತರ ಹೊಸದೇನಲ್ಲ. ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ರಾತ್ರಿಯಿಡೀ ಕೇಳಿದ ಹಿರಿಯರು ಇಲ್ಲಿದ್ದಾರೆ. ಅದೇ ಕಥೆ ಜೀ ಕನ್ನಡದಲ್ಲಿ 'ಉಘೇ ಉಘೇ ಮಾದೇಶ್ವರ' ಆಗಿ ಬಂತು, ಜನ ಇಷ್ಟಪಟ್ಟೇ ನೋಡಿದರು. ಆದರೂ ಹಾಡಿನಲ್ಲಿ ಬರುವ ಶ್ರವಣ ಕೇಳುವವನ ಭಯ ಎಷ್ಟು ದೊಡ್ಡದೋ ಅಷ್ಟು ದೊಡ್ಡವನು. ಟಿ.ವಿ.ಯ ಶ್ರವಣ ಆ ನಟನಷ್ಟೇ ಎತ್ತರ.

ಹಾಗೆಂದು ಪುಸ್ತಕವನ್ನು ತೆರೆಗೆ ತರಲೇಬಾರದೆಂದಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಆರ್.ಕೆ. ನಾರಾಯಣರ ಸ್ವಾಮಿ ಜೀವಂತವಾಗಿ ಬಂದ. ಅಲ್ಲಿ ಬೇಕಾದದ್ದು ಒಂದು ಬೀದಿ, ಒಂದು ಶಾಲೆ ಮತ್ತು ಮಾಸ್ಟರ್ ಮಂಜುನಾಥನ ಮುಖ. ಮೇಷ್ಟ್ರ ಬೆತ್ತ ಕಂಡ ಹುಡುಗನ ಭಯ ಮುಖದಲ್ಲೇ ಕಾಣುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಡೇರ್ ಡೆವಿಲ್ ಮುಸ್ತಫಾ' 2023ರಲ್ಲಿ ಸಿನಿಮಾ ಆಗಿ ಗೆದ್ದಿತು. ತರಗತಿಗೆ ಬಂದ ಒಬ್ಬ ಮುಸ್ಲಿಂ ಹುಡುಗನ ಬಗ್ಗೆ ಉಳಿದವರು ಏನೇನೋ ಕಲ್ಪಿಸಿಕೊಳ್ಳುವ ಕಥೆ ಅದು. ನಮ್ಮಂಥ ಕಾಲೇಜಿನಲ್ಲಿ ಕೂತು ಓದಿದರೆ ಅದರ ರುಚಿಯೇ ಬೇರೆ. ಮೂಲ ಒಂದು ಸಣ್ಣಕಥೆ. ಅದನ್ನು ಎರಡು ಗಂಟೆಗೂ ಮೀರಿದ ಸಿನಿಮಾ ಮಾಡುವಾಗ ಶಶಾಂಕ್ ಸೋಗಾಲ್ ಅವರಿಗೆ ಸೇರಿಸುವ ಅವಕಾಶವಿತ್ತು. ಕಾದಂಬರಿಯನ್ನು ತೆರೆಗೆ ತರುವವನ ಕೈಯಲ್ಲಿ ಸಾಮಾನ್ಯವಾಗಿ ಕತ್ತರಿ ಇರುತ್ತದೆ. ಆ ಕತ್ತರಿಗೆ ಮೊದಲು ಸಿಗುವುದು ಪಾತ್ರಗಳ ಯೋಚನೆ.

ನಾಳೆ ಯಾರಾದರೂ, ಬಹುಶಃ ನಿಮ್ಮಲ್ಲೇ ಒಬ್ಬರು, ತೇಜಸ್ವಿಯವರ 'ಕರ್ವಾಲೊ'ವನ್ನು ಧಾರಾವಾಹಿ ಮಾಡಹೊರಟರೆ ಈ ತೊಡಕು ಎದುರಾಗುತ್ತದೆ. ಹಾರುವ ಓತಿಯನ್ನು ಈಗಿನ ಕಂಪ್ಯೂಟರಿನಲ್ಲಿ ಸೃಷ್ಟಿಸುವುದು ಕಷ್ಟವಲ್ಲ. ಹಾಗೆ ತೇಲುವ ಓತಿಗಳು ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇವೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುತ್ತವೆ. ಹಳ್ಳಿಯವರು ಕೆಲಸಕ್ಕೆ ಬಾರದವನೆಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಕಂಡದ್ದೇನು ಎಂಬುದನ್ನು ತೋರಿಸುವುದು ಅದಕ್ಕಿಂತ ಕಷ್ಟ. ಇನ್ನು, ಅಷ್ಟು ದಿನ ಹುಡುಕಿದ ಓತಿ ಕಣಿವೆಯ ಆಳಕ್ಕೆ ತೇಲಿ ಕಣ್ಮರೆಯಾದ ಮೇಲೆ ಅಲ್ಲಿ ಉಳಿದವರು ಸುಮ್ಮನೆ ನಿಂತಿರುತ್ತಾರಲ್ಲ, ಆ ಹೊತ್ತಿನಲ್ಲಿ ಕ್ಯಾಮೆರಾವನ್ನು ಯಾವ ಕಡೆ ತಿರುಗಿಸುತ್ತೀರಿ?