ನಿಮಗಿದು ಗೊತ್ತೆ? ಈಚಲು ಮರ ಕಡಿದದ್ದೇ ಸತ್ಯಾಗ್ರಹ!

ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ವಕೀಲರೊಬ್ಬರು ಈಚಲು ಮರ ಕಡಿಯುವ ಚಳವಳಿಗಾಗಿ ಜೈಲು ಸೇರಿದ್ದರು, ವಕೀಲಿ ಸನ್ನದನ್ನೂ ಕಳೆದುಕೊಂಡಿದ್ದರು. ಅವರೇ ಎಸ್. ನಿಜಲಿಂಗಪ್ಪ. ಇದು ನಡೆದದ್ದು 1939ರಲ್ಲಿ, ಚಿತ್ರದುರ್ಗ ತಾಲ್ಲೂಕಿನ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ.

ಈಚಲು ಮರವೇ ಏಕೆ?

ಸಂಜೆ ಮರದ ನೆತ್ತಿಯ ಹತ್ತಿರ ಕಚ್ಚು ಹಾಕಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬಿಸಿಲೇರುವ ಹೊತ್ತಿಗೆ ಅದು ಹುಳಿತು ಹೆಂಡವಾಗುತ್ತದೆ. ಹೆಂಡದಿಂದ ಮನೆಗಳು ಹಾಳಾಗುತ್ತಿದ್ದವು, ಸರ್ಕಾರದ ಬೊಕ್ಕಸಕ್ಕೆ ಮಾತ್ರ ಅಬ್ಕಾರಿ ವರಮಾನ ಬರುತ್ತಿತ್ತು. ಹೀಗಾಗಿ ಬುಡಕ್ಕೆ ಬಿದ್ದ ಒಂದು ಕೊಡಲಿ ಏಟು ಪಾನನಿರೋಧವೂ ಹೌದು, ಕಾನೂನುಭಂಗವೂ ಹೌದು. 1930ರಲ್ಲಿ ದಂಡಿಯ ಕಡಲ ತಡಿಯಲ್ಲಿ ಗಾಂಧೀಜಿ ಹಿಡಿ ಉಪ್ಪೆತ್ತಿ ತೋರಿಸಿದ ದಾರಿಯೂ ಇದೇ: ಕಾಯಿದೆಯನ್ನು ಬಹಿರಂಗವಾಗಿ ಮುರಿಯುವುದು, ಕೈಗೆ ಕೋಳ ಬಂದರೆ ತಲೆತಪ್ಪಿಸಿಕೊಳ್ಳದಿರುವುದು. ಕೊಡಲಿ ಹಿಡಿದ ಕೈ ಮನುಷ್ಯರ ಮೇಲೆ ಏಳಲಿಲ್ಲ ಎಂಬುದೇ ಈ ಹೋರಾಟದ ಹಿರಿಮೆ.

ಹೆಂಗಸರೂ ಹಿಂದೆ ಬೀಳಲಿಲ್ಲ. ಹೆಂಡದ ಬಿಸಿ ಮೊದಲು ತಟ್ಟುತ್ತಿದ್ದುದು ಅವರ ಒಲೆಗೇ ಅಲ್ಲವೆ? ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಮಾಯಕೊಂಡದಲ್ಲಿ ಬಳ್ಳಾರಿ ಸಿದ್ದಮ್ಮ ಈಚಲು ಮರ ಕಡಿದು ಬಂಧನಕ್ಕೊಳಗಾದರು.

ಸನ್ನದು ಕಳೆದುಕೊಂಡಿದ್ದ ನಿಜಲಿಂಗಪ್ಪ 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಸಿದ್ದಮ್ಮ ಅದಕ್ಕೂ ಮೊದಲೇ, 1952ರ ಚುನಾವಣೆಯಲ್ಲಿ ದಾವಣಗೆರೆಯಿಂದ ಗೆದ್ದು ವಿಧಾನಸಭೆ ಪ್ರವೇಶಿಸಿದ್ದರು.